ಹಿಟ್ಟು ಇತ್ತು, ಬ್ರೆಡ್ ಇರಲಿಲ್ಲ: ಯುದ್ಧ, ಕ್ರಾಂತಿ ಮತ್ತು ಪೆಟ್ರೊಗ್ರಾಡಿನ ಅಡುಗೆಮನೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಸಂತೆಗೆ ಅತಿ ಹೆಚ್ಚು ಧಾನ್ಯ ಕಳಿಸುತ್ತಿದ್ದ ದೇಶಗಳಲ್ಲಿ ರಷ್ಯ ಮುಂಚೂಣಿಯಲ್ಲಿತ್ತು. ವರ್ಷಕ್ಕೆ ಹತ್ತಿರ ಹತ್ತಿರ 1 ಕೋಟಿ ಟನ್ ಧಾನ್ಯ ಹೊರಗೆ ಹೋಗುತ್ತಿತ್ತು, ಅದರಲ್ಲಿ ದೊಡ್ಡ ಪಾಲು ಕಪ್ಪು ಸಮುದ್ರದ ಬಂದರುಗಳಿಂದ. 1914ರ ಶರತ್ಕಾಲದಲ್ಲಿ ಆ ಸಮುದ್ರದಿಂದ ಹೊರಹೋಗುವ ದಾರಿಯಾದ ಡಾರ್ಡನೆಲ್ಸ್ ಜಲಸಂಧಿಯನ್ನು ತುರ್ಕರು ಮುಚ್ಚಿದರು, ರಫ್ತು ನಿಂತಿತು. ಹೊರಗೆ ಹೋಗುತ್ತಿದ್ದ ಕಾಳೆಲ್ಲ ಒಳಗೇ ಉಳಿದ ಮೇಲೆ ಬೆಲೆ ಇಳಿಯಬೇಕು, ಹೊಟ್ಟೆ ತುಂಬಬೇಕು. ಆದದ್ದು ಬೇರೆ. ಎರಡೂವರೆ ವರ್ಷ ಕಳೆಯುವುದರೊಳಗೆ ರಾಜಧಾನಿಯ ಹೆಂಗಸರು ಬ್ರೆಡ್ಡಿಗಾಗಿ ಬೀದಿಗಿಳಿದರು, 300 ವರ್ಷದ ರೊಮಾನೊವ್ ದೊರೆತನ ಎಂಟೇ ದಿನದಲ್ಲಿ ಮುಗಿಯಿತು.

ಈ ಒಗಟನ್ನು ಬಿಡಿಸುವುದೇ ಇವತ್ತಿನ ವಿಷಯ. ಲೆನಿನ್, ಕೆರೆನ್‌ಸ್ಕಿ, ರಾಸ್ಪುಟಿನ್ ಬಗ್ಗೆ ಕೇಳಿದ್ದೀರಿ, ಓದಿದ್ದೀರಿ. ಹಾಗಾಗಿ ನಾನು ಬ್ರೆಡ್ಡಿನ ಹಿಂದೆಯೇ ಹೋಗುತ್ತೇನೆ. ಒಂದು ಸೂಚನೆ: 1917ರ ತಾರೀಖುಗಳನ್ನು ರಷ್ಯದ ಹಳೆಯ ಪಂಚಾಂಗದ ಪ್ರಕಾರ ಹೇಳುತ್ತೇನೆ, ನಮ್ಮ ಲೆಕ್ಕಕ್ಕೆ 13 ದಿನ ಕೂಡಿಸಿಕೊಳ್ಳಿ. ಅಳತೆಗಳೂ ಆ ಕಾಲದವೇ. ಒಂದು ಫಂಟ್ ಎಂದರೆ ಸುಮಾರು 410 ಗ್ರಾಂ, 40 ಫಂಟಿಗೆ ಒಂದು ಪೂಡ್, ಅಂದರೆ 16 ಕಿಲೋ ಚಿಲ್ಲರೆ.

ಮೊದಲು ರೈಲು. ಪೆಟ್ರೊಗ್ರಾಡ್ (1914ರವರೆಗೆ ಸೇಂಟ್ ಪೀಟರ್ಸ್‌ಬರ್ಗ್) ದೇಶದ ವಾಯವ್ಯ ಮೂಲೆಯಲ್ಲಿದೆ. ಧಾನ್ಯ ಮಿಗುವ ಸೀಮೆಗಳಾದ ಉಕ್ರೇನ್, ಕುಬಾನ್, ವೋಲ್ಗಾ, ಪಶ್ಚಿಮ ಸೈಬೀರಿಯಗಳೆಲ್ಲ ಸಾವಿರಾರು ಕಿಲೋಮೀಟರ್ ದೂರ. ದಕ್ಷಿಣದ ಧಾನ್ಯ ಹತ್ತಿರದ ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು, ಹಳಿಗಳೂ ಗೋದಾಮುಗಳೂ ಆ ದಿಕ್ಕಿಗೇ ಹೊಂದಿಕೊಂಡಿದ್ದವು. ಅದನ್ನೆಲ್ಲ ಒಮ್ಮೆಲೇ ಉತ್ತರಕ್ಕೆ ತಿರುಗಿಸುವಷ್ಟು ಗಾಡಿಗಳಿರಲಿಲ್ಲ. ಇದ್ದ ಗಾಡಿಗಳಲ್ಲೂ ದೊಡ್ಡ ಪಾಲು ಸೈನ್ಯಕ್ಕೆ ಮೀಸಲಾಗಿತ್ತು. ಇದರ ಮೇಲೆ ಕಲ್ಲಿದ್ದಲಿನ ಕಾಟ. ಪೆಟ್ರೊಗ್ರಾಡಿನ ಕಾರ್ಖಾನೆಗಳು ಯುದ್ಧಕ್ಕೆ ಮುಂಚೆ ಉರಿಸುತ್ತಿದ್ದದ್ದು ಬಾಲ್ಟಿಕ್ ಸಮುದ್ರದ ಮೂಲಕ ಬರುತ್ತಿದ್ದ ಬ್ರಿಟಿಷ್ ಕಲ್ಲಿದ್ದಲು. ಜರ್ಮನ್ ನೌಕಾಪಡೆ ಆ ದಾರಿ ಮುಚ್ಚಿಸಿತು. ಆಮೇಲೆ ಕಲ್ಲಿದ್ದಲು ದಕ್ಷಿಣದ ಡಾನ್‌ಬಾಸ್‌ನಿಂದ ರೈಲಿನಲ್ಲೇ ಬರಬೇಕಾಯಿತು. ಹಿಟ್ಟಿನ ವ್ಯಾಗನ್ನೂ ಕಲ್ಲಿದ್ದಲಿನ ವ್ಯಾಗನ್ನೂ ಒಂದೇ ಹಳಿಗೆ ಗುದ್ದಾಡತೊಡಗಿದವು. ಕಲ್ಲಿದ್ದಲು ಬಾರದಿದ್ದರೆ ಎಂಜಿನ್ ಓಡದು, ಎಂಜಿನ್ ಓಡದಿದ್ದರೆ ಕಲ್ಲಿದ್ದಲು ಬಾರದು.

(ಸಮುದ್ರದ ದಾರಿ ಮುಚ್ಚಿದ್ದರ ಪೆಟ್ಟು ನಮ್ಮ ಕಡೆಗೂ ತಟ್ಟಿತ್ತು. ಮೈಸೂರಿನ ಶ್ರೀಗಂಧದ ಕೊರಡುಗಳು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದವು. ಯುದ್ಧ ಶುರುವಾಗಿ ಕೊಳ್ಳುವವರಿಲ್ಲದೆ ಕೊರಡು ಗೋದಾಮಿನಲ್ಲಿ ಬಿದ್ದಾಗಲೇ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದ್ದು. ಮೈಸೂರಿಗೆ ಅದು ಒಳ್ಳೆಯದೇ ಆಯಿತು.)

ಎರಡನೆಯದು ದುಡ್ಡು. 1914ರಲ್ಲಿ ಚಕ್ರವರ್ತಿ ನಿಕೊಲಾಸ್ ವೋಡ್ಕಾ ಮಾರಾಟ ನಿಷೇಧಿಸಿದ. ಸೈನಿಕರು ಕುಡಿದು ಹಾಳಾಗಬಾರದು ಎಂಬ ಉದ್ದೇಶ ಸರಿಯೇ. ಆದರೆ ಸರ್ಕಾರದ ಆದಾಯದಲ್ಲಿ ಕಾಲು ಭಾಗಕ್ಕೂ ಹೆಚ್ಚು ಬರುತ್ತಿದ್ದದ್ದು ಆ ವೋಡ್ಕಾದಿಂದಲೇ. ಖರ್ಚು ಆಕಾಶಕ್ಕೇರಿದ ವರ್ಷವೇ ಗಲ್ಲಾಪೆಟ್ಟಿಗೆಗೆ ತೂತು ಬಿತ್ತು. ಚಿನ್ನಕ್ಕೂ ನೋಟಿಗೂ ಇದ್ದ ಗಂಟನ್ನು ಬಿಚ್ಚಿ ನೋಟು ಅಚ್ಚು ಹಾಕತೊಡಗಿದರು. 1914ರ ಬೇಸಿಗೆಯಲ್ಲಿ ಚಲಾವಣೆಯಲ್ಲಿದ್ದದ್ದು ಸುಮಾರು 160 ಕೋಟಿ ರೂಬಲ್. 1917ರ ಮಾರ್ಚ್ ಹೊತ್ತಿಗೆ ಅದು ಸಾವಿರ ಕೋಟಿಯ ಹತ್ತಿರ ಹೋಗಿತ್ತು.

ಜನಕ್ಕೆ ಈ ಬದಲಾವಣೆ ಮೊದಲು ಗೊತ್ತಾದದ್ದು ಚಿಲ್ಲರೆಯಲ್ಲಿ. ಬೆಳ್ಳಿ ನಾಣ್ಯಗಳು ಪೆಟ್ಟಿಗೆ ಸೇರಿ ಮಾಯವಾದವು. 1915ರಲ್ಲಿ ಸರ್ಕಾರ ಅಂಚೆಚೀಟಿಗಳನ್ನೇ ದಪ್ಪ ಕಾಗದದ ಮೇಲೆ ಅಚ್ಚು ಹಾಕಿ ಚಿಲ್ಲರೆಯಾಗಿ ಬಿಟ್ಟಿತು. 10, 15, 20 ಕೊಪೆಕ್ (ರೂಬಲಿನ ನೂರನೇ ಒಂದು ಭಾಗ) ಚೀಟಿಗಳು, ಮುಂದೆ ದೊರೆಗಳ ಮುಖ, ಹಿಂದೆ ಅಂಟಿನ ಬದಲು "ಬೆಳ್ಳಿ ಚಿಲ್ಲರೆಗೆ ಸಮನಾಗಿ ಚಲಾವಣೆ" ಎಂಬರ್ಥದ ಸಾಲು. ಒದ್ದೆ ಕೈಯಲ್ಲಿ ಹಿಡಿದರೆ ಮೆತ್ತಗಾಗುವ, ಗಾಳಿ ಬಂದರೆ ಹಾರುವ ದುಡ್ಡು. 1917ರಲ್ಲಿ ಕೆರೆನ್‌ಸ್ಕಿ ಸರ್ಕಾರ, ಅಂದರೆ ಚಕ್ರವರ್ತಿ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರ, ತಂದ 20 ಮತ್ತು 40 ರೂಬಲಿನ ನೋಟುಗಳಲ್ಲಿ ಕ್ರಮಸಂಖ್ಯೆಯೂ ಇರಲಿಲ್ಲ, ಸಹಿಯೂ ಇರಲಿಲ್ಲ. ಅವು ಕತ್ತರಿಸದ ಹಾಳೆಗಳಾಗಿಯೇ ಕೈಗೆ ಬರುತ್ತಿದ್ದವು, ಬೇಕಾದಷ್ಟನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು.

ಮೂರನೆಯದು ರೈತ. ನನ್ನ ಪ್ರಕಾರ ಇದೇ ಮುಖ್ಯ. ಕಾರ್ಖಾನೆಗಳೆಲ್ಲ ಶೆಲ್ಲು, ಬೂಟು, ಸಮವಸ್ತ್ರಕ್ಕೆ ತಿರುಗಿದ್ದರಿಂದ ಹಳ್ಳಿಗೆ ಬೇಕಾದ ಮೊಳೆ, ಸೀಮೆಎಣ್ಣೆ, ಬಟ್ಟೆ, ನೇಗಿಲಿನ ಗುಳ ಒಂದೂ ಸಿಗುತ್ತಿರಲಿಲ್ಲ, ಸಿಕ್ಕರೂ ಮೂರು ನಾಲ್ಕು ಪಟ್ಟು ಬೆಲೆ. ಧಾನ್ಯಕ್ಕೆ ಮಾತ್ರ 1916ರ ಸೆಪ್ಟೆಂಬರಿನಲ್ಲಿ ಸರ್ಕಾರ ದರ ಕಟ್ಟಿತು. ದಿನದಿನಕ್ಕೆ ಸವೆಯುವ ನೋಟು ತೆಗೆದುಕೊಂಡು, ಏನನ್ನೂ ಕೊಳ್ಳಲಾಗದೆ, ಕಾಳು ಮಾರಲು ಯಾವ ರೈತ ಒಪ್ಪುತ್ತಾನೆ? ಅವನು ದನಕ್ಕೆ ಹಾಕಿದ, ಕಣಜದಲ್ಲಿಟ್ಟ, ಅಂಗಡಿ ವೋಡ್ಕಾ ನಿಂತಿದ್ದರಿಂದ ಮನೆಯಲ್ಲೇ ಭಟ್ಟಿ ಇಳಿಸಿದ. ಇದಕ್ಕೆ ಉತ್ತರವಾಗಿ ಕೃಷಿ ಮಂತ್ರಿ ರಿಟ್ಟಿಖ್ 1916ರ ಕೊನೆಯಲ್ಲಿ ಲೆವಿ ಹಾಕಿದ. ಒಟ್ಟು 77.2 ಕೋಟಿ ಪೂಡ್ ಧಾನ್ಯವನ್ನು ಪ್ರಾಂತ್ಯಕ್ಕಿಷ್ಟು, ಜಿಲ್ಲೆಗಿಷ್ಟು, ಹೋಬಳಿಗಿಷ್ಟು, ಹಳ್ಳಿಗಿಷ್ಟು ಎಂದು ಹಂಚಿ ಕಟ್ಟುನಿಟ್ಟಿನ ದರಕ್ಕೆ ಎತ್ತುವ ಯೋಜನೆ. ಗುರಿ ಮುಟ್ಟಲಿಲ್ಲ. ಕಡ್ಡಾಯದ ಧಾನ್ಯ ಲೆವಿ ಲೆನಿನ್ ಪಕ್ಷದವರಾದ ಬೋಲ್ಶೆವಿಕರ ಆವಿಷ್ಕಾರ ಎಂದು ಅನೇಕರು ನಂಬಿದ್ದಾರೆ. ಅದರ ನಕ್ಷೆ ಹಾಕಿದವನು ಚಕ್ರವರ್ತಿಯ ಮಂತ್ರಿ.

ಈಗ 1917ರ ಫೆಬ್ರವರಿಗೆ ಬರೋಣ. ನಗರದಲ್ಲಿ ಸುಮಾರು 24 ಲಕ್ಷ ಜನ. ಅಧಿಕಾರಿಗಳ ಲೆಕ್ಕದಲ್ಲಿ ಸುಮಾರು 5 ಲಕ್ಷ ಪೂಡ್ ಹಿಟ್ಟು ದಾಸ್ತಾನಿತ್ತು, ದಿನದ ಖರ್ಚು 40,000 ಪೂಡ್. ಅಂದರೆ ಹನ್ನೆರಡು ದಿನಕ್ಕೆ ಸಾಕು. ತಲೆಗೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 270 ಗ್ರಾಂ ಹಿಟ್ಟು. ರೈ ಎಂಬ ಧಾನ್ಯದ ಹಿಟ್ಟು ನೀರು ಚೆನ್ನಾಗಿ ಕುಡಿಯುತ್ತದೆ, 100 ಕಿಲೋ ಹಿಟ್ಟಿಗೆ 145ರಿಂದ 150 ಕಿಲೋ ಬ್ರೆಡ್ ಬರುತ್ತದೆ. ಹಾಗಾದರೆ ಒಬ್ಬರಿಗೆ ಒಂದು ಫಂಟ್ ಬ್ರೆಡ್. ಕಾಗದದ ಮೇಲೆ ಉಪವಾಸ ಎಲ್ಲೂ ಕಾಣುವುದಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗೆ, ಗೋದಾಮಿನಲ್ಲಿದ್ದ ಹಿಟ್ಟು ಅಂಗಡಿಗೆ ಬ್ರೆಡ್ಡಾಗಿ ಬರಲಿಲ್ಲ. ಬೇಕರಿ ಕೆಲಸದವರಲ್ಲಿ ಬಹಳಷ್ಟು ಜನ ಸೈನ್ಯಕ್ಕೆ ಹೋಗಿದ್ದರು. ಒಲೆಗೆ ಸೌದೆ ಇರಲಿಲ್ಲ. ನಗರದ ಹೊರಗೆ ಹಿಟ್ಟಿಗೆ ಹೆಚ್ಚು ಬೆಲೆ ಸಿಗುತ್ತಿದ್ದರಿಂದ ಒಂದಿಷ್ಟು ಮೂಟೆ ಹಿಂಬಾಗಿಲಿನಿಂದ ಅಲ್ಲಿಗೇ ಹೋಯಿತು. ಬ್ರೆಡ್ ತೂಕಕ್ಕೆ ಮಾರುವ ಸಾಮಾನಾದ್ದರಿಂದ ನೀರು ಹೆಚ್ಚು ಹಾಕಿ ಅರೆಬೇಯಿಸಿದವನಿಗೇ ಲಾಭ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬೆರಳಿಗಂಟುವ ಮುದ್ದೆ. ಇಷ್ಟರಲ್ಲಿ ಮಾರ್ಚ್ 1ರಿಂದ ಪಡಿತರ ಚೀಟಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಅಳತೆ ಬರುವ ಮುಂಚೆಯೇ ಕೂಡಿಟ್ಟುಕೊಳ್ಳೋಣ ಎಂದು ಎಲ್ಲರೂ ಎರಡು ಮೂರು ದಿನದ ಬ್ರೆಡ್ ಒಟ್ಟಿಗೆ ಕೊಂಡು, ಹೋಳು ಮಾಡಿ, ಒಣಗಿಸಿ ರಸ್ಕ್ ಮಾಡಿಟ್ಟರು. 12 ದಿನದ ಹಿಟ್ಟು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಪಡಿತರ ಪದ್ಧತಿಯನ್ನು ಮೊದಲು ಸಾರಿ ಆಮೇಲೆ ತರುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸಾಲಿನಲ್ಲಿ ನಿಲ್ಲುತ್ತಿದ್ದವರು ಯಾರು? ಗಂಡಸರಲ್ಲಿ ಸುಮಾರು ಒಂದೂವರೆ ಕೋಟಿ ಜನ ಯುದ್ಧದುದ್ದಕ್ಕೂ ಸೈನ್ಯಕ್ಕೆ ಸೇರಿದರು. 1917ರ ಹೊತ್ತಿಗೆ ದೇಶದ ಕಾರ್ಖಾನೆ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಇಬ್ಬರು ಹೆಂಗಸರು. ಅವರು ಹತ್ತು ಹನ್ನೊಂದು ಗಂಟೆ ಮಗ್ಗದ ಮುಂದೆ ನಿಂತು, ಆಮೇಲೆ ಬೆಳಗಿನ ಜಾವದ ಚಳಿಯಲ್ಲಿ ಬೇಕರಿಯ ಮುಂದೆ ನಿಲ್ಲಬೇಕು. ಸೈನಿಕರ ಹೆಂಡತಿಯರಿಗೆ 1912ರ ಕಾನೂನಿನ ಪ್ರಕಾರ ಪಡಿ ಸಿಗುತ್ತಿತ್ತು. ತಿಂಗಳಿಗೆ ಒಬ್ಬರಿಗೆ 68 ಫಂಟ್ ಹಿಟ್ಟು, 10 ಫಂಟ್ ನುಚ್ಚು, 4 ಫಂಟ್ ಉಪ್ಪು, 1 ಫಂಟ್ ಎಣ್ಣೆ, ಐದು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಆದರೆ ಅದು ಸಾಮಾನಾಗಿ ಬರುತ್ತಿರಲಿಲ್ಲ, ಆ ಊರಿನ ದರಕ್ಕೆ ದುಡ್ಡಾಗಿ ಬರುತ್ತಿತ್ತು. ಕಚೇರಿ ಕಟ್ಟುವ ದರ ಯಾವಾಗಲೂ ಸಂತೆಯ ದರದ ಹಿಂದೆಯೇ. ಮದುವೆ ನೋಂದಣಿ ಇಲ್ಲದೆ ಜೊತೆಗಿದ್ದವಳಿಗೆ ಅದೂ ಇಲ್ಲ, ಅವಳ ಮಕ್ಕಳಿಗೂ ಇಲ್ಲ. ಆ ಭೇದ ಹೋದದ್ದು 1917ರ ಕ್ರಾಂತಿಯ ನಂತರ.

ಫೆಬ್ರವರಿ 23, ಅಂದರೆ ನಮ್ಮ ಮಾರ್ಚ್ 8, ಮಹಿಳಾ ದಿನ. ವೈಬೋರ್ಗ್ ಬಡಾವಣೆಯ ಜವಳಿ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಅಂದು ಮುಷ್ಕರ ಬೇಡ ಎಂಬುದು ಕ್ರಾಂತಿಕಾರಿ ಪಕ್ಷಗಳ ಸ್ಥಳೀಯ ಮುಂದಾಳುಗಳ ಅಭಿಪ್ರಾಯವಾಗಿತ್ತು. ಹೆಂಗಸರು ಕೇಳಲಿಲ್ಲ. ಪಕ್ಕದ ನೊಬೆಲ್ ಯಂತ್ರ ಕಾರ್ಖಾನೆಯ ಕಿಟಕಿಗಳಿಗೆ ಹಿಮದ ಉಂಡೆ ಎಸೆದು ಗಂಡಸರನ್ನು ಹೊರಗೆ ಕರೆದರು. ಮೂರನೆಯ ದಿನಕ್ಕೆ ನಗರವೇ ನಿಂತಿತು. 26ರಂದು ಸೈನಿಕರು ಗುಂಡು ಹಾರಿಸಿದರು, 27ರ ಬೆಳಿಗ್ಗೆ ಹಾಗೆ ಗುಂಡು ಹಾರಿಸಿದ ವೊಲಿನ್‌ಸ್ಕಿ ರೆಜಿಮೆಂಟಿನ ಸಿಪಾಯಿಗಳೇ ದಂಗೆ ಎದ್ದರು. ಮಾರ್ಚ್ 2ಕ್ಕೆ ನಿಕೊಲಾಸ್ ಗದ್ದುಗೆ ಬಿಟ್ಟ.

ಕ್ರಾಂತಿಯಿಂದ ಜನರ ದಿನಚರಿಯಲ್ಲಿ ಕೂಡಲೇ ಬದಲಾದದ್ದು ಕಡಿಮೆಯೇನಲ್ಲ. ಕಾರ್ಮಿಕರ ಮತ್ತು ಸಿಪಾಯಿಗಳ ಪ್ರತಿನಿಧಿ ಸಭೆಯಾದ ಸೋವಿಯತ್ತು ಮಾರ್ಚ್ 1ರಂದು ಹೊರಡಿಸಿದ ಮೊದಲ ಆಜ್ಞೆಯಲ್ಲಿ ಒಂದು ಅಂಶ: ಅಧಿಕಾರಿಗಳು ಸಿಪಾಯಿಗಳನ್ನು ಏಕವಚನದಲ್ಲಿ ಮಾತಾಡಿಸಕೂಡದು. ಏಕವಚನದ ಪೆಟ್ಟು ಎಂಥದ್ದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ 10ರಂದು ಪೆಟ್ರೊಗ್ರಾಡಿನ ಕಾರ್ಖಾನೆ ಮಾಲೀಕರು ಎಂಟು ಗಂಟೆಯ ಕೆಲಸಕ್ಕೆ ಒಪ್ಪಿದರು. ಹೆಂಗಸರಿಗೆ ಮತದ ಹಕ್ಕು ಬಂತು, ನವೆಂಬರಿನ ಸಂವಿಧಾನ ಸಭೆಯ ಚುನಾವಣೆಯಲ್ಲಿ ಮತ ಹಾಕಿದರು. ಅಕ್ಟೋಬರಿನಲ್ಲಿ ಬೋಲ್ಶೆವಿಕರು ಬಂದ ಮೇಲೆ ಡಿಸೆಂಬರಿನಲ್ಲಿ ವಿಚ್ಛೇದನ ಸುಲಭವಾಯಿತು, ಮದುವೆ ಚರ್ಚಿನಿಂದ ಕಚೇರಿಗೆ ಬಂತು. ಪಂಚಾಂಗವೂ ಬದಲಾಯಿತು: 1918ರ ಜನವರಿ 31ರ ರಾತ್ರಿ ಮಲಗಿದವರು ಎದ್ದಾಗ ಫೆಬ್ರವರಿ 14.

ಬ್ರೆಡ್ಡಿನ ಸಾಲು ಮಾತ್ರ ಕರಗಲಿಲ್ಲ. ತಾತ್ಕಾಲಿಕ ಸರ್ಕಾರ ಮಾರ್ಚ್ 25ರಂದು ಧಾನ್ಯವೆಲ್ಲ ಸರ್ಕಾರದ ಸ್ವತ್ತು ಎಂದು ಸಾರಿತು, ರಿಟ್ಟಿಖ್ ಹಾಕಿದ ಗೆರೆಯನ್ನೇ ಇನ್ನಷ್ಟು ದಪ್ಪ ಮಾಡಿತು. ವಸಂತದಲ್ಲಿ ಚೀಟಿ ಬಂತು. ಅದೊಂದು ಹಾಳೆ, ಅದರ ತುಂಬ ತಾರೀಖು ಹಾಕಿದ ಸಣ್ಣ ಸಣ್ಣ ಕೂಪನ್. ಅಂಗಡಿಯವನು ಆ ದಿನದ್ದನ್ನು ಕತ್ತರಿಸಿಕೊಂಡು ಬ್ರೆಡ್ ತೂಗಿ ಕೊಡಬೇಕು. ಸಾಮಾನ್ಯರಿಗೆ ದಿನಕ್ಕೆ 1 ಫಂಟ್, ಮೈಮುರಿದು ದುಡಿಯುವವರಿಗೆ ಒಂದೂವರೆ. ಅಕ್ಟೋಬರ್ ಹೊತ್ತಿಗೆ ಅದು ಅರ್ಧ ಫಂಟಿಗೆ ಇಳಿದಿತ್ತು. 1918ರ ವಸಂತದ ಕೆಟ್ಟ ದಿನಗಳಲ್ಲಿ ಫಂಟಿನ ಎಂಟನೇ ಒಂದು, ಸುಮಾರು 50 ಗ್ರಾಂ. ಅದರಲ್ಲೂ ಓಟ್ಸ್ ಹೊಟ್ಟು, ಹಿಂಡಿ, ಆಲೂಗಡ್ಡೆ ಸೇರಿರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಪಡಿತರಕ್ಕೆ ವರ್ಗ ಬಂತು. ಭಾರದ ಕೆಲಸದ ಕಾರ್ಮಿಕರು ಮೊದಲ ವರ್ಗ, ಹಳೆಯ ಸಿರಿವಂತರು ಮತ್ತು ಪರರ ದುಡಿಮೆಯಲ್ಲಿ ಬದುಕುವವರೆಂದು ಗುರುತಾದವರು ನಾಲ್ಕನೆಯ ವರ್ಗ. ಹೀಗಾಗಿ ಸಂಬಳಕ್ಕಿಂತ ವರ್ಗವೇ ದೊಡ್ಡದಾಯಿತು. ಒಳ್ಳೆಯ ಪಡಿತರ ಸಿಗುವ ಕಡೆ ಸಂಬಳ ಎಷ್ಟೇ ಇರಲಿ ಸೇರಿಕೊಳ್ಳುವುದು, ಸತ್ತವರ ಮತ್ತು ಊರು ಬಿಟ್ಟವರ ಹೆಸರು ಹೊಡೆಯದೆ ಚೀಟಿ ಮುಂದುವರಿಸುವುದು, ಎರಡು ಕಡೆ ಹೆಸರು ಬರೆಸುವುದು, ಎಲ್ಲವೂ ನಡೆಯಿತು. ಊರಿನ ಜನಸಂಖ್ಯೆ ಇಳಿಯುತ್ತಿದ್ದರೂ ಚೀಟಿಗಳ ಸಂಖ್ಯೆ ಇಳಿಯಲೊಲ್ಲದು. ಪಡಿತರ ನಡೆಸಿದ ಯಾವ ದೇಶಕ್ಕೂ ಇದು ಹೊಸದಲ್ಲ.

ಜನ ಬದುಕಿದ್ದು ಹೇಗೆ ಹಾಗಾದರೆ? ಚೀಲದಿಂದ. ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ರೈಲಿನಲ್ಲಿ, ಜಾಗವಿಲ್ಲದಿದ್ದರೆ ಅದರ ಮಾಡಿನ ಮೇಲೆ, ಧಾನ್ಯ ಇರುವ ಸೀಮೆಗೆ ಹೋಗುವುದು. ನೋಟು ಒಯ್ದವನು ಬರಿಗೈಲಿ ಬರುತ್ತಿದ್ದ. ಉಪ್ಪು, ಬೆಂಕಿಪೊಟ್ಟಣ, ನೂಲು, ಬಟ್ಟೆ, ಗಡಿಯಾರ ಒಯ್ದವನಿಗೆ ಹಿಟ್ಟು ಸಿಗುತ್ತಿತ್ತು. ವಾಪಸು ಬರುವಾಗ ನಿಲ್ದಾಣಗಳಲ್ಲಿ ತಡೆಪಡೆಯವರು ಚೀಲ ಕಿತ್ತುಕೊಳ್ಳುತ್ತಿದ್ದರು, ಖಾಸಗಿ ಧಾನ್ಯ ವ್ಯಾಪಾರ ಅಪರಾಧ. 1918ರ ಬೇಸಿಗೆಯ ಕೊನೆಯಲ್ಲಿ ಮಾಸ್ಕೊ, ಪೆಟ್ರೊಗ್ರಾಡ್ ಸೋವಿಯತ್ತುಗಳೇ ಸೋತು, ಕಾರ್ಮಿಕರು ತಲೆಗೆ ಒಂದೂವರೆ ಪೂಡ್, ಅಂದರೆ 24 ಕಿಲೋ ಚಿಲ್ಲರೆ, ತರಬಹುದು ಎಂದು ಕೆಲವು ವಾರ ಸಡಿಲ ಬಿಟ್ಟವು. ಬೋಲ್ಶೆವಿಕರಿಗೂ ಅವರ ವಿರೋಧಿಗಳಿಗೂ ನಡೆದ ಅಂತರ್ಯುದ್ಧದ ವರ್ಷಗಳಲ್ಲಿ ನಗರದ ಜನ ತಿಂದ ಬ್ರೆಡ್ಡಿನಲ್ಲಿ ಅರ್ಧದಷ್ಟಾದರೂ ಹೀಗೆ ಕಾನೂನು ಮೀರಿ ಬಂದದ್ದೇ. ಸರ್ಕಾರ ಅವರನ್ನು ಕಾಳಸಂತೆಕೋರರು ಎಂದು ಬೈಯಿತು. ಆ ಚೀಲಗಳಿಲ್ಲದಿದ್ದರೆ ಆ ಸರ್ಕಾರ ಆಳಲು ಊರಿನಲ್ಲಿ ಜನವೇ ಉಳಿಯುತ್ತಿರಲಿಲ್ಲ ಎನ್ನುವುದು ನನ್ನ ಎಣಿಕೆ.

ಚೀಲದ ಜೊತೆಗೆ ಹೇನೂ ಬಂತು. ವಿಷಮಜ್ವರದಂತೆ ಕಾಣುವ ಟೈಫಸ್ ಬೇರೆಯದೇ ರೋಗ, ಅದು ನೀರಿನಿಂದಲ್ಲ, ಬಟ್ಟೆಯ ಹೇನಿನಿಂದ ಬರುತ್ತದೆ. ಇದನ್ನು ಫ್ರೆಂಚ್ ವಿಜ್ಞಾನಿ ಶಾರ್ಲ್ ನಿಕೊಲ್ 1909ರಲ್ಲೇ ತೋರಿಸಿದ್ದ. ಸೋಂಕಿದ ಹೇನಿನ ಹಿಕ್ಕೆಯಲ್ಲಿ ರೋಗಾಣು ಇರುತ್ತದೆ, ಕೆರೆದುಕೊಂಡಾಗ ಗೀರಿನ ಮೂಲಕ ಒಳಗೆ ಹೋಗುತ್ತದೆ. ಹೇನಿಗೆ ಮೈಯ ಸಾಧಾರಣ ಬಿಸಿ ಬೇಕು. ಜ್ವರ ಏರಿದರೂ, ಹೆಣ ತಣ್ಣಗಾದರೂ ಅದು ಆ ಮೈ ಬಿಟ್ಟು ಪಕ್ಕದವನಿಗೆ ಹತ್ತುತ್ತದೆ. ಒಬ್ಬರಿಗೊಬ್ಬರು ಅಂಟಿಕೊಂಡು ದಿನಗಟ್ಟಲೆ ಕೂತ ರೈಲು ಡಬ್ಬಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೈ ತೊಳೆದರಷ್ಟೇ ಸಾಲದು, ಬಟ್ಟೆಯ ಹೊಲಿಗೆಯಲ್ಲಿ ಮೊಟ್ಟೆ ಇರುತ್ತದೆ. ಬಟ್ಟೆ ಕುದಿಸಬೇಕು ಅಥವಾ ಬಿಸಿ ಹಬೆಯಲ್ಲಿ ಇಡಬೇಕು. ಅದಕ್ಕೆ ಸೌದೆ ಬೇಕು, ಸೌದೆಯಿಲ್ಲದೆ ಸ್ನಾನಗೃಹಗಳು ಮುಚ್ಚಿದ್ದವು. ಸೋಪಿಗೆ ಕೊಬ್ಬು ಬೇಕು, ಇದ್ದ ಕೊಬ್ಬನ್ನು ಜನ ತಿನ್ನುತ್ತಿದ್ದರು. ಬದಲಾಯಿಸಲು ಇನ್ನೊಂದು ಅಂಗಿ ಬೇಕು, ಅದು ಹಿಟ್ಟಿಗಾಗಿ ಹಳ್ಳಿ ಸೇರಿತ್ತು. 1918ರಿಂದ 1922ರ ನಡುವೆ ಎರಡು ಕೋಟಿಗೂ ಹೆಚ್ಚು ಜನಕ್ಕೆ ಟೈಫಸ್ ಬಂತು, ಸುಮಾರು 30 ಲಕ್ಷ ಜನ ಸತ್ತರು ಎಂಬುದು ರೂಢಿಯ ಅಂದಾಜು. 1919ರ ಕೊನೆಯಲ್ಲಿ ಲೆನಿನ್ ಭಾಷಣದಲ್ಲೇ ಹೇಳಿದ: ಒಂದೋ ಹೇನು ಸಮಾಜವಾದವನ್ನು ಸೋಲಿಸುತ್ತದೆ, ಇಲ್ಲವೇ ಸಮಾಜವಾದ ಹೇನನ್ನು.

ಆ ಚಳಿಗಾಲಗಳ ಮನೆಯೊಳಗೆ ಒಮ್ಮೆ ಇಣುಕಿ. ದೊಡ್ಡ ಇಟ್ಟಿಗೆ ಒಲೆಗೆ ಸೌದೆ ಸಾಲದು. ಅದರ ಬದಲು ತೆಳು ತಗಡಿನ ಪುಟ್ಟ ಒಲೆ, ಹೆಸರು ಬುರ್ಜುಯಿಕಾ. ಬೇಗ ಕಾಯುತ್ತದೆ, ನಾಲ್ಕು ಚಕ್ಕೆಗೆ ನೀರು ಕುದಿಯುತ್ತದೆ, ಉರಿ ಆರಿದ ಕೂಡಲೇ ತಣ್ಣಗಾಗುತ್ತದೆ. ಹೊಗೆಕೊಳವೆ ಕೋಣೆಯ ಉದ್ದಕ್ಕೂ ಹಾದು ಕಿಟಕಿಯಿಂದ ಹೊರಗೆ ಹೋಗಬೇಕು, ಕೊಳವೆ ಉದ್ದವಿದ್ದಷ್ಟೂ ಕೋಣೆ ಬೆಚ್ಚಗೆ. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಹಬೆ ತಣಿದು ಕೀಲುಗಳಿಂದ ಕಪ್ಪು ಟಾರಿನ ನೀರು ತೊಟ್ಟಿಕ್ಕುತ್ತದೆ, ಅದಕ್ಕೆ ಪ್ರತಿ ಕೀಲಿನ ಕೆಳಗೂ ಖಾಲಿ ಡಬ್ಬಿ ಕಟ್ಟುತ್ತಿದ್ದರು. ಪೀಠೋಪಕರಣ, ಬೇಲಿ, ಪುಸ್ತಕ ಎಲ್ಲ ಒಲೆಗೆ ಹೋದವು, ಮರದ ಮನೆಗಳನ್ನೇ ಕೆಡವಿ ಸೌದೆ ಹಂಚಿದರು. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದ ಮೇಲೆ ಮೇಲಿನ ಮಹಡಿಗೆ ಬಕೆಟಿನಲ್ಲೇ ನೀರು. ಅಡುಗೆಗೆ ಒಣ ಮೀನಿನ ಸಾರು, ಕುದುರೆ ಮಾಂಸ, ಹೆಪ್ಪುಗಟ್ಟಿದ ಆಲೂಗಡ್ಡೆ. ಚಳಿ ಹಿಡಿದ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಅದು ಸಿಹಿಯಾಗಿರುತ್ತದೆ. ಕರಗಲು ಬಿಟ್ಟರೆ ಕಪ್ಪಾಗಿ ನೀರು ಬಿಡುತ್ತದೆ, ಹೆಪ್ಪು ಬಿಡುವ ಮುಂಚೆಯೇ ಕುದಿನೀರಿಗೆ ಹಾಕಬೇಕು. ಹಳ್ಳಿಯಲ್ಲಿ ನಂಟರಿದ್ದವರು ಊರು ಬಿಟ್ಟರು. 1917ರಲ್ಲಿ 24 ಲಕ್ಷ ಇದ್ದ ಜನಸಂಖ್ಯೆ 1920ಕ್ಕೆ 7 ಲಕ್ಷ ಚಿಲ್ಲರೆ.

ಹಳ್ಳಿಯ ಕಡೆ ಲೆಕ್ಕ ಬೇರೆ. 1917ರ ಅಕ್ಟೋಬರಿನ ಭೂಮಿಯ ಶಾಸನದ ನಂತರ ಜಮೀನುದಾರರ ನೆಲವನ್ನು ಊರ ಸಭೆಗಳು ಸಾಮಾನ್ಯವಾಗಿ ಮನೆಯಲ್ಲಿ ಉಣ್ಣುವ ಬಾಯಿಗಳ ಲೆಕ್ಕದಲ್ಲಿ ಹಂಚಿಕೊಂಡವು. ರೈತ ಗೆದ್ದ. ಆದರೆ 1918ರ ಮೇನಲ್ಲಿ ಬಂದ ನಿಯಮದಂತೆ ವರ್ಷಕ್ಕೆ ತಲೆಗೆ 12 ಪೂಡ್ ಧಾನ್ಯ, 1 ಪೂಡ್ ನುಚ್ಚು, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಒಪ್ಪಿಸಬೇಕು. 1919ರ ಜನವರಿಯಲ್ಲಿ ಲೆವಿಯೂ ಮರಳಿ ಬಂತು, ಈ ಸಲ ಬಂದೂಕಿನ ಜೊತೆಗೆ. ಎಷ್ಟೋ ಕಡೆ ಬಿತ್ತನೆಯ ಕಾಳೂ ಹೋಯಿತು. ಮಿಕ್ಕಿದ್ದೆಲ್ಲ ಹೋಗುವುದಾದರೆ ಮಿಗುವಷ್ಟು ಬಿತ್ತುವುದು ಯಾಕೆ? ಬಿತ್ತನೆ ಕುಗ್ಗಿತು, ಕಣಜ ಬರಿದಾಯಿತು. 1921ರಲ್ಲಿ ವೋಲ್ಗಾ ಸೀಮೆಯಲ್ಲಿ ಮಳೆ ಕೈಕೊಟ್ಟಾಗ ಹಿಂದಿನ ವರ್ಷದ ಕಾಳು ಎಂಬುದೇ ಇರಲಿಲ್ಲ. ಸುಮಾರು 50 ಲಕ್ಷ ಜನ ಸತ್ತರು. 1922ರ ಆಗಸ್ಟಿನಲ್ಲಿ ಅಮೆರಿಕದ ಪರಿಹಾರ ಸಂಸ್ಥೆಯೊಂದೇ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನಕ್ಕೆ ಉಣ್ಣಿಸುತ್ತಿತ್ತು, ಬಹುಪಾಲು ಮೆಕ್ಕೆಜೋಳ.

ಅಷ್ಟರಲ್ಲಿ ಸರ್ಕಾರ ದಾರಿ ಬದಲಿಸಿತ್ತು. 1921ರ ಫೆಬ್ರವರಿಯಲ್ಲಿ ಪೆಟ್ರೊಗ್ರಾಡಿನ ಕಾರ್ಖಾನೆಗಳಲ್ಲಿ ಮತ್ತೆ ಮುಷ್ಕರ, ಕಾರ್ಮಿಕರ ಬೇಡಿಕೆಗಳಲ್ಲಿ ತಡೆಪಡೆ ತೆಗೆಯುವುದೂ ಒಂದು. ಮಾರ್ಚಿನಲ್ಲಿ ನಗರದ ಪಕ್ಕದ ನೌಕಾನೆಲೆ ಕ್ರಾನ್‌ಸ್ಟಾಡ್ ನಾವಿಕರ ಬಂಡಾಯ. ಅದೇ ತಿಂಗಳು ಲೆವಿ ರದ್ದಾಗಿ ಧಾನ್ಯದ ತೆರಿಗೆ ಬಂತು. ಹಿಂದಿನ ಲೆವಿಯ ಗುರಿ 42.3 ಕೋಟಿ ಪೂಡ್ ಇದ್ದರೆ ತೆರಿಗೆ 24 ಕೋಟಿ. ಅದನ್ನು ಕಟ್ಟಿದ ಮೇಲೆ ಉಳಿದದ್ದನ್ನು ರೈತ ಸಂತೆಯಲ್ಲಿ ಮಾರಬಹುದು. 1924ರಲ್ಲಿ ಹಳೆಯ ನೋಟುಗಳನ್ನು ಬದಲಾಯಿಸಿದಾಗ ಒಂದು ಹೊಸ ರೂಬಲಿಗೆ 1922ಕ್ಕೆ ಹಿಂದಿನ 5,000 ಕೋಟಿ ರೂಬಲ್ ಸಮ ಎಂದು ನಿಗದಿಯಾಯಿತು. ಬೇಕರಿಗಳಲ್ಲಿ ಬಿಳಿ ಬ್ರೆಡ್ ಮತ್ತೆ ಕಂಡಿತು, ಚೀಟಿ ಕೇಳುವವರಿರಲಿಲ್ಲ. 1929ರಲ್ಲಿ ಸ್ಟಾಲಿನ್ ಕಾಲದಲ್ಲಿ ಧಾನ್ಯದ ಸಂತೆಯನ್ನು ಮತ್ತೆ ಹಿಸುಕಿದಾಗ ಬ್ರೆಡ್ ಚೀಟಿಯೂ ಮರಳಿ ಬಂತು, 1935ರ ಜನವರಿ 1ರವರೆಗೆ ಇತ್ತು.